ಬೋಟಿನ ಹೊಟ್ಟ್ಯಾಗಿನ ಆರು ಚೀಲ

ಗಡಹಿಂಗ್ಲಜ
ಗುರುವಾರ, ೧೫ ಮೇ ೨೦೨೫

ಚಿ. ಸೌ. ಶೆವಂತಾಗ ಕೇದಾರಿ ಮಾಡುವ ಆಶೀರ್ವಾದ.

ನಾನು ಇಲ್ಲಿ ಕ್ಷೇಮ ಅಂತ ಬರಿಯಾಕ ಕೈ ಏಳವಲ್ದು. ನೀನು, ಮಗಳು ಮೋನಾಲಿ ಅಲ್ಲಿ ಕ್ಷೇಮ ಇರಬೇಕು, ಬರೂ ರವಿವಾರ ದಾಟಿ ಸೋಮವಾರಕ್ಕೂ ಕ್ಷೇಮ ಇರಬೇಕು, ಅದಕ್ಕಂತ ಈ ಪತ್ರ. ಪೂರಾ ಓದು. ನಡುವ ಮಡಚಿ ಇಡಬ್ಯಾಡ. ಕಾಗದಕ್ಕ ಪೆಟ್ರೋಲ ವಾಸನಿ ಹೊಡಿತೈತಿ, ಅದು ಯಾಕಂತ ಕಡೀಕ ಬರೀತೇನಿ. ಈಗ ಬರದ್ರ ನೀ ಇಲ್ಲೇ ಹರದು ಒಗೀತಿ.

ಫೋನ್ ಮಾಡಬಾರದಾಗಿತ್ತೇನು ಅಂತ ಕೇಳಬ್ಯಾಡ. ಮಾಡಬ್ಯಾಡ್ರಿ ಅಂದಾಕಿ ನೀನ. "ಫೋನಿನ್ಯಾಗ ಒಂದ ಮಾತು ಇಪ್ಪತ್ತು ಸಲ ಹೇಳತೀರಿ. ಇನ್ನ ಮ್ಯಾಲೆ ಹೇಳೂದಿದ್ರ ಬರದು ಕಳಸ್ರಿ, ಕೈ ನೊಂದ್ರ ಒಮ್ಮಿಗೇ ಮುಗಸತೀರಿ" ಅಂದಿದ್ದಿ. ನಿನ್ನ ಮಾತು ಖರೇ ಐತಿ, ಇಷ್ಟು ಬರಿಯೂದ್ರಾಗ ಬೆರಳು ಹಿಡಕೊಂಡಾವು. ನಾ ಐದನೇತ್ತೆ ಅರ್ಧಕ್ಕ ಸಾಲಿ ಬಿಟ್ಟಾಂವ. ಎರಡ ವರ್ಷ ಅಜ್ಜಿ ಊರಾಗ ಕನ್ನಡ ಸಾಲಿ, ಆಮ್ಯಾಲೆ ಇಲ್ಲಿ ಮರಾಠಿ ಸಾಲಿ, ಎರಡೂ ಕೈಗೆ ಹತ್ತಲಿಲ್ಲ. ತಪ್ಪಿದ್ದಲ್ಲಿ ನೀನ ಸರಿ ಮಾಡಿ ಓದಕೋ. ಆದ್ರ ಅಕ್ಷರ ತಪ್ಪಿದಾವಂತ ಮಾತು ತಪ್ಪೈತಿ ಅಂತ ತಿಳೀಬ್ಯಾಡ.

ನೀ ಮನಿ ಬಿಟ್ಟು ಇಚಲಕರಂಜಿಗೆ ಹೋಗಿ ಬರೂ ಜೂನಿಗೆ ವರ್ಷ ಆಗತೈತಿ. ಯಾಕ ಹೋದಿ ಅಂತ ಊರ ಮಂದಿ ಏನೇನೋ ಆಡತಾರ, ಕುಡಿತಾನ ಅಂತನೂ ಅಂದಾರಂತ. ಕುಡದಿದ್ರ ಚೊಲೋ ಇತ್ತೇನೋ, ಬಿಡಸಾಕ ಔಷಧ ಸಿಗತೈತಿ. ಮೋನಾಲಿ ಸಾಲಿ ಪ್ರವಾಸಕ್ಕ ಹೋದಾಗ ಆ ಬಸ್ಸಿನ ಹಿಂದಿನ ಗಾಲಿ ನನ್ನ ಕಣ್ಣಿಗೆ ಗಾಳಿ ಇಳದು ಕುಂತಂಗ ಕಂಡಿತ್ತು. ಸ್ಕೂಟರ್ ಮ್ಯಾಲೆ ಉತ್ತೂರ ತನಕ ಬೆನ್ನ ಹತ್ತಿ ಹೋಗಿ, ಬಸ್ಸಿಗೆ ಅಡ್ಡ ನಿಂತು ಗಾಲಿ ಒದ್ದು ನೋಡಿದೆ. ಗಾಲಿ ಗಟ್ಟಿ ಇತ್ತು. ಹುಡಿಗ್ಯಾರು ಕಿಟಕ್ಯಾಗಿಂದ ತಲಿ ಹೊರಗ ಹಾಕಿ ನಕ್ಕರು. ಮೋನಾಲಿ ಎಂಟ ದಿವಸ ನನ್ನ ಕೂಡ ಮಾತಾಡಲಿಲ್ಲ. ನೀ ಮಾತಾಡಿದಿ, ಅದು ಇನ್ನೂ ಕಿವ್ಯಾಗೈತಿ: "ನಿಮ್ಮ ಕಾಳಜಿ ಮನಿ ತುಂಬೇತ್ರಿ. ಒಂದು ತಾಟು ಇಡಾಕ ಜಾಗಾ ಉಳದಿಲ್ಲ. ನಾವು ಎಲ್ಲಿ ಕೂಡೂಣು?"

ಆ ಮಾತು ಇರಲಿ. ಮುಂದಿಂದು ಕೇಳು.

ಹರ್ಷದ ಶೇಟನ ಬೋಟಿನ ಕೆಲಸ ನೀನ ಕೊಡಸಿದ್ದು. ನೀ ಹೊಲಿಯಾಕ ಹೋಗೂ ಡ್ರೆಸ್ಸಿನ ಕಾರಖಾನೆ ಅವಂದು, ಮನಿ ಮಾತ್ರ ಕೊಲ್ಹಾಪುರದಾಗ. ಮಾರ್ಚ್ ತಿಂಗಳಾಗ ಅಂವ ಫೋನ್ ಮಾಡಿ, "ಅಹೋ ಮಾಮಾ, ಶೆವಂತಾ ಮಾವಶಿ ಹೇಳ್ಯಾರ, ಟೆಂಪೋ ಸೀಟಿನ ಕೆಳಗ ಸಾಮಾನಿನ ಪೆಟಗಿ ಕೂಡಸೂದ್ರಾಗ ನಿಮ್ಮ ಸರಿ ಯಾರೂ ಇಲ್ಲಂತ" ಅಂದಾಗ ಆ ಮಾತು ಇನ್ನೊಮ್ಮಿ ಹೇಳಿಸಿ ಕೇಳಿದೆ. ನೀ ಹೋದ ಮ್ಯಾಲೆ ನನ್ನ ಬಗ್ಗೆ ಆಡಿದ ಒಳ್ಳೆ ಮಾತು ನನ್ನ ಕಿವಿಗೆ ಬಿದ್ದದ್ದು ಅದೊಂದ. ಆ ಒಂದು ಮಾತಿಗೆ ನಾ ಹಗ್ಗ ಇಲ್ಲದ ಬಾವ್ಯಾಗ ಇಳೀತಿದ್ದೆ. ಮರುದಿನ ನಿಮ್ಮ ಅಕ್ಕ ಫೋನ್ ಮಾಡಿ ನಿನ್ನ ನಿರೋಪ ಹೇಳಿದಳು: ಶೇಟಗ ಕಾಟಾ ಕೊಡಬ್ಯಾಡ್ರಿ, ಹೇಳಿದಷ್ಟ ಮಾಡ್ರಿ, ಸುಮ್ನ ಇರ್ರಿ. ಸುಮ್ನ ಇದ್ದೆ ಶೆವಂತಾ. ಅದ ತಪ್ಪಾತು.

ಬೋಟ್ ಜೀಪಿನ ಹಿಂದ ಟ್ರಾಲಿ ಮ್ಯಾಲೆ ಬಂತು. ನಮ್ಮ ದುಕಾನದ ಮುಂದ ಇಷ್ಟು ವರ್ಷ ಟ್ರ್ಯಾಕ್ಟರ್ ಸೀಟು, ರಿಕ್ಷಾದ ಹುಡ್ಡು, ಮದಿವಿ ಜೀಪಿನ ಗಾದಿ ಬಿಟ್ರ ಮತ್ತೇನೂ ಬಂದಿದ್ದಿಲ್ಲ. ಬಜಾರದ ಮಂದಿ ಸುತ್ತಗಟ್ಟಿದರು. "ಕೇದಾರಿ, ಹಿರಣ್ಯಕೇಶಿ ಹೊಳ್ಯಾಗ ಮೊಣಕಾಲ ಮಟ ನೀರಿಲ್ಲ, ಇದನ್ನ ಎಲ್ಲಿ ಓಡಸಾಂವ, ಗಟಾರದಾಗೇನು?" ಅಂತ ಒಬ್ಬ. "ಹೆಂಡ್ತಿನ ಕರಿಯಾಕ ಬೋಟ್ ತಗೊಂಡು ಹೊಂಟಾನ ಬಿಡು" ಅಂತ ಇನ್ನೊಬ್ಬ. ನನಗೂ ನಗು ಬಂತು, ಸುಳ್ಳ್ಯಾಕ ಹೇಳಲಿ.

ಬೆಳ್ಳಗಿನ ಫೈಬರ್ ಬೋಟು, ಹದಿನೈದು ಫೂಟು, ಆರು ಮಂದಿ ಕೂಡೂ ಅಂಥಾದ್ದು. ಮಾಲವಣ ಕಡೆಯಿಂದ ಹಳೇದು ತಂದಾನ. ಹಿಂದ ಎಂಜಿನ್, ಅದಕ್ಕ ಬ್ಯಾರೆ ಪೆಟ್ರೋಲ್ ಟಾಕಿ. ಅವನ ಸಂಕಟ ಒಂದ: ಜಾಗಾ ಇಲ್ಲ. ನೀರಾಗ ಮುಳಗಬಾರದಂತ ಹಾಕ್ಕೊಳ್ಳೂ ಜಾಕೀಟು ಕಾಲಾಗ ಬೀಳತಾವ, ಬರ್ಫದ ಡಬ್ಬಿ ತೊಡಿ ಮ್ಯಾಲೆ, ಹಗ್ಗಾ, ಲಂಗರು, ಊಟದ ಡಬ್ಬಿ ಎಲ್ಲಾ ಕಾಲಿಗೆ ತೊಡರತಾವ. "ಮಾಮಾ, ಚಪ್ಲಿ ಕಳದ್ರ ಇಡಾಕ ಜಾಗಾ ಇಲ್ಲ. ಸೀಟಿನ ಕೆಳಗ ಇಷ್ಟು ದೊಡ್ಡ ಹೊಟ್ಟಿ ಐತಿ, ಎಲ್ಲಾ ಬಂದ್ ಮಾಡಿ ಇಟ್ಟಾರ. ತಗದು ಪೆಟಗಿ ಮಾಡಿ ಕೊಡ್ರಿ" ಅಂದ.

ಅಂವ ಹೋದ ಮ್ಯಾಲೆ ಸೀಟ್ ಬಡದು ನೋಡಿದೆ. ಖಾಲಿ ಇದ್ರ ಡಂಗ್ ಅನ್ನಬೇಕು, ಇದು ಡಬ್ ಡಬ್ ಅಂತು. ಗ್ರೈಂಡರಲೆ ಕೊಯ್ದೆ. ಒಳಗ ಹಳದಿ ಫೋಮು, ಬೆಲ್ಲದ ಪೆಂಟಿ ಕಟ್ಟಿದಂಗ ತಳದ ತನಕ ತುಂಬಿ ಗಟ್ಟಿ ಆಗಿತ್ತು. ನಾಲ್ಕೂ ಸೀಟಿನ ಕೆಳಗ ಅದ.

ನಮ್ಮ ಧಂಧೇದಾಗ ಫೋಮ್ ಅಂದ್ರ ಎರಡ ಕೆಲಸ: ಕುಂಡಿಗೆ ಮೆತ್ತಗ, ಕಿವಿಗೆ ಸಪ್ಪಳ ಕಡಿಮಿ. ಬಸ್ಸಿನ ಬಾಡಿ ಕಟ್ಟಾವ್ರು ಪತ್ರಾ ತಗಡು ಖಡಖಡ ಅನ್ನಬಾರದಂತ ಸಂದ್ಯಾಗ ಇಂಥಾದ್ದ ತುರಕತಾರ. ಹಳೇ ಆದ್ರ ತಗದು ಒಗೀತೇವಿ. ನಾ ಮೂವತ್ತು ವರ್ಷ ಅದನ್ನ ಮಾಡೇನಿ. ಇಷ್ಟು ಬಂಗಾರದಂಥಾ ಜಾಗಾ ಬರೇ ಸಪ್ಪಳಕ್ಕ ಹಾಳ ಹಾಕ್ಯಾರಲ್ಲ ಅಂತ ನಕ್ಕೆ. ಕುರಪಿ ತಗೊಂಡು ಮೂರು ದಿವಸ ಕೆಬರಿ ಕೆಬರಿ ತಗದೆ. ಗೊಬ್ಬರದ ಚೀಲಲೆ ಆರು ಚೀಲ ಆತು.

ಆಮ್ಯಾಲೆ ಮಾಡಿದ ಪೆಟಗಿ ನೀ ನೋಡಬೇಕಿತ್ತು. ಅಷ್ಟು ಚಂದ ಕೆಲಸ ನನ್ನ ಕೈಲೆ ಹಿಂದ ಆಗಿದ್ದಿಲ್ಲ. ನಾಲ್ಕು ಪೆಟಗಿ, ಒಳಗೆಲ್ಲಾ ಬೂದಿ ಬಣ್ಣದ ರೆಕ್ಸಿನ್, ಮುಚ್ಚಳಕ್ಕ ಸ್ಟೀಲಿನ ಬಿಜಾಗ್ರಿ, ಸುತ್ತ ರಬ್ಬರ್ ಪಟ್ಟಿ. ತೆರದ್ರ ಸಪ್ಪಳಿಲ್ಲ, ಮುಚ್ಚಿದ್ರ ಸಂದಿಲ್ಲ. ಜಾಕೀಟಿಗೆ ಒಂದು, ಬರ್ಫದ ಡಬ್ಬಿಗೆ ಅಳತಿ ಹಿಡದು ಒಂದು, ಹಗ್ಗಾ ಲಂಗರಕ್ಕ ಒಂದು, ಊಟದ್ದು ಒಂದು. ಚಪ್ಲಿಗಂತ ಬ್ಯಾರೆ ಖಾನೆ ಮಾಡಿದೆ. ಹರ್ಷದ ಶೇಟ ಏಪ್ರಿಲ್ ಕಡೀಕ ಒಯ್ಯಾಕ ಬಂದಾಂವ ತೆರದು ಮುಚ್ಚಿ, ತೆರದು ಮುಚ್ಚಿ, ಫೋನಿನ್ಯಾಗ ಚಿತ್ರ ತಗದು, "ಮಾಮಾ, ಕಂಪನ್ಯಾವ್ರಿಗೂ ಇಂಥಾ ಬುದ್ಧಿ ಬರಲಿಲ್ಲ" ಅಂದ. ಆ ಚಿತ್ರ ನಿನಗೂ ತೋರಿಸಿರಬೇಕು. ಅದ ಬುದ್ಧಿ ಈಗ ನನ್ನ ಕೊಲ್ಲಾಕತ್ತೈತಿ.

ಬೋಟ್ ಹೋದ ಮ್ಯಾಲೆ ನಾ ಅವಗ ಫೋನ್ ಮಾಡಿದ್ದು ತಪ್ಪು. ಹೌದು, ಮಾಡಿದೆ. ಅಂಟಿನ ವಾಸನಿ ಹೋಗೂತನಕ ಮುಚ್ಚಳ ತೆರದಿಡ್ರಿ ಅಂತ ಒಮ್ಮಿ, ಬಿಜಾಗ್ರಿಗೆ ಎಣ್ಣಿ ಬಿಡ್ರಿ ಅಂತ ಒಮ್ಮಿ, ಲಂಗರ ಒಂದ ಬಾಜೂಕ ಇಟ್ರ ವಾಲತೈತಿ ಅಂತ ಒಮ್ಮಿ, ಹೇಳಿದ್ದು ನೆನಪೈತೋ ಇಲ್ಲೋ ಅಂತ ಮತ್ತೊಮ್ಮಿ. ಮೊದಲ ನಗತಿದ್ದ. ಆಮ್ಯಾಲೆ ಹೂಂ ಅಂತಿದ್ದ. ಆಮ್ಯಾಲೆ ಎತ್ತೂದ ಬಿಟ್ಟ. ಬಿಜಾಗ್ರಿಗೂ ಎಣ್ಣಿಗೂ ಕೂಗಿ ಕೂಗಿ, ಖರೇ ಕೂಗೂ ವ್ಯಾಳ್ಯಾ ಬಂದಾಗ ನನ್ನ ದನಿಗೆ ಬೆಲಿ ಉಳಿಲಿಲ್ಲ.

ಖರೇ ವ್ಯಾಳ್ಯಾ ಬಂದದ್ದು ಹ್ವಾದ ರವಿವಾರ.

ಗುಂಡು ಗೊತ್ತಲ್ಲ, ಹೊಳಿ ಆಚೆ ಕುರಿ ಇಟ್ಟಾನ, ದಿನಾ ನಮ್ಮ ದುಕಾನದಾಗ ಚಾ ಕುಡದು ನನ್ನ ಚೇಷ್ಟಿ ಮಾಡಿ ಹೋಗಾಂವ. ಅವನ ಮಗಳು ಸೋನಲಗ ಈಗ ಒಂಬತ್ತು. ಸಾಲಿ ಸೂಟಿ, ಈಸ ಕಲಸಬೇಕಂದ. ನಮ್ಮ ಕಾಲಕ್ಕ ಬೆನ್ನಿಗೆ ಒಣಗಿದ ಸೋರೆಬುರುಡಿ ಕಟ್ಟತಿದ್ರು. ಈಗ ಎಲ್ಲಾರೂ ಎಣ್ಣಿ ಕ್ಯಾನ್ ಕಟ್ಟತಾರ. ಅವನ ಕ್ಯಾನ್ ಒಡದಿತ್ತು. ದುಕಾನದ ಹಿಂದ ಒಟ್ಟಿದ ಹಳದಿ ಫೋಮ್ ನೋಡಿ, "ಇದು ಹಗರ ಐತಲ್ಲೋ, ಎರಡ ತುಂಡ ಕೊಡ" ಅಂದ. ಕೊಟ್ಟೆ. ಹಗ್ಗದ ಗಂಟು ಜಾರತೈತೇನೋ ಅಂತ ನನಗ ತಡೀಲಿಲ್ಲ, ನಾನೂ ಬಾವಿಗೆ ಹೋದೆ.

ಇಟ್ಟಂಗಿಯಷ್ಟು ಎರಡ ತುಂಡು ಶೆವಂತಾ, ಬರೇ ಎರಡು. ಆ ಹುಡುಗಿ ನೀರ ಮ್ಯಾಲೆ ಎಮ್ಮಿ ಮಲಗಿದಂಗ ಮಲಗಿತ್ತು. ಗುಂಡು ಒಳಗ ಒತ್ತಿದ್ರ ಬುಳುಕ್ ಅಂತ ಮ್ಯಾಲೆ ಬರತಿತ್ತು. ಮತ್ತ ಒತ್ತಿದ್ರ ಮತ್ತ ಬರತಿತ್ತು, ಕಿಲಿಕಿಲಿ ನಗತಿತ್ತು. ಗುಂಡುನೂ ಬೆರಗಾದ. "ಕೇದಾರ್ಯಾ, ಬುರುಡಿಗೂ ಇಷ್ಟ ಕಸುವಿಲ್ಲೋ. ಎಲ್ಲಿ ಸಿಕ್ಕಿತಪಾ ಇದು?" ಅಂದ. ಬೋಟಿನ ಹೊಟ್ಟ್ಯಾಗಿಂದು, ತಗದು ಒಗದದ್ದು ಅಂದೆ. ಅಂವ ಮೆಟ್ಟಲಾ ಮ್ಯಾಲೆ ಕುಂತು ಚಡ್ಡಿ ಹಿಂಡಕೋಂತ, "ಹಂಗಾರ ಈಗ ಬೋಟಿನ ಬೆನ್ನಿಗೆ ಏನ ಕಟ್ಟಿದಿ?" ಅಂತ ಕೇಳಿದ.

ಅಂವ ಚೇಷ್ಟಿ ಮಾಡಿದ. ನಾ ಅಲ್ಲಿಂದ ಸೀದಾ ಮನಿ ದಾರಿ ಹಿಡದೆ.

ಮನಿಗೆ ಬಂದಾಂವ ನೀ ಅನ್ನಾ ಮಾಡತಿದ್ದ ದೊಡ್ಡ ಬೋಗುಣಿ ತಗೊಂಡು ನೀರಿನ ಟಾಕ್ಯಾಗ ಬಿಟ್ಟೆ. ತೇಲಿತು. ಒಂದ ಬಾಜೂಕ ಒತ್ತಿದೆ, ನೀರು ಹೊಕ್ಕಿತು, ಗುಳುಂ ಅಂತ ಹೋಗಿ ತಳಾ ಹಿಡೀತು. ಹೊರಗ ತಗದು ಒಳಗ ಎರಡ ತುಂಡ ಫೋಮ್ ಕಟ್ಟಿ ಬಿಟ್ಟೆ. ಅಂಚಿನ ತನಕ ನೀರ ತುಂಬಿದ್ರೂ ಬೋಗುಣಿ ಮುಳಗಲಿಲ್ಲ. ಅಂಚು ಮ್ಯಾಲ ಇತ್ತು, ಒಬ್ಬಾಂವ ಹಿಡಕೊಂಡು ಜೀವ ಉಳಿಸಿಕೊಳ್ಳೂವಷ್ಟು ಇತ್ತು. ಏಳು ಸಲ ಮಾಡಿ ನೋಡಿದೆ. ನೀ ಇದ್ದಿದ್ರ ಎರಡನೇ ಸಲಕ್ಕ ಬೋಗುಣಿ ಕಸಗೋತಿದ್ದಿ. ಕಸಗೊಂಡಿದ್ರೂ ಖರೇ ಏನು ಅಂತ ನಿನಗೂ ಕಂಡಿರತಿತ್ತು.

ಆ ಫೋಮ್ ಸಪ್ಪಳಕ್ಕ ತುಂಬಿದ್ದಲ್ಲ. ತೆರಿ ಬಡದು ನೀರು ಒಳಗ ಬಂದ್ರೂ ಬೋಟು ತಳಕ್ಕ ಹೋಗಬಾರದು, ಮಂದಿ ಹಿಡಕೊಂಡು ತೇಲಬೇಕು ಅಂತ ಮಾಡಿದಾವ್ರು ತುಂಬಿದ್ದು. ಅದನ್ನ ನಾ ಚಪ್ಲಿ ಇಡಾಕ ಜಾಗಾ ಬೇಕಂತ ಕುರಪಿಲೆ ಕೆಬರಿ ತಗದೆ.

ಸೋಮವಾರ ಹರ್ಷದ ಶೇಟಗ ಹನ್ನೆರಡ ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮಾತಾಡಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪಿಗೆ ಕಳಿಸಿದೆ, ಮೂರು ಮಿನಿಟಿಂದು. ತಿರಗಿ ಒಂದು ಹೆಬ್ಬಟ್ಟಿನ ಚಿತ್ರ ಬಂತು. ಕೇಳ್ಯಾನೋ ಇಲ್ಲೋ ಆ ಹೆಬ್ಬಟ್ಟಿಗ ಗೊತ್ತು. ಮಂಗಳವಾರ ಮತ್ತ ಕಳಿಸಿದೆ, ಮತ್ತ ಹೆಬ್ಬಟ್ಟು. ನಿನ್ನೆ ಬುಧವಾರ ದುಕಾನ ಮುಚ್ಚಿ ಕೊಲ್ಹಾಪುರಕ್ಕ ಹೋದೆ. ನಿಪ್ಪಾಣಿ ಹಂತೇಕ ರಸ್ತಾ ಕೆಲಸಕ್ಕ ಗಾಡಿ ಸಾಲುಗಟ್ಟಿ ನಿಂತು ಒಂದೂವರಿ ತಾಸು ಅಲ್ಲೇ ಹೋತು. ರಿಕ್ಷಾದಾಂವ ಅದ ಹೆಸರಿನ ಬ್ಯಾರೆ ಓಣಿಗೆ ಒಯ್ದು ಇಳಿಸಿದ. ಬಿಸಿಲಾಗ ಕೇಳಕೋಂತ ಕೇಳಕೋಂತ ಮನಿ ಮುಟ್ಟಿದ್ರ, ಅಂವ ಶೆಡ್ಡಿನ್ಯಾಗ ಬೋಟ್ ತೊಳಿಯಾಕತ್ತಿದ್ದ.

ಎಲ್ಲಾ ಹೇಳಿದೆ. ಬೋಗುಣಿ ಹೇಳಿದೆ, ಬಾವಿ ಹೇಳಿದೆ, ಸೋನಲನ ಹೇಳಿದೆ. ಅಂವ ಕೆಟ್ಟ ಹುಡುಗ ಅಲ್ಲ, ಖುರ್ಚಿ ಹಾಕಿ ಕುಂದರಿಸಿ ಕೇಳಿದ. ಕೇಳಿ ನಕ್ಕ. "ಅಹೋ ಮಾಮಾ, ಬೋಟಿಗೆ ತೂತ ಇಲ್ಲ, ನೀರು ಎಲ್ಲಿಂದ ಬರತೈತಿ? ಬೆನ್ನಿಗೆ ಬುರುಡಿ ಕಟ್ಟಾಕ ಇದು ಸಣ್ಣ ಕೂಸೇನು?" ಅಂದ. ತೆರಿ ಬರತೈತ್ರಿ, ಗಾಳಿ ಬರತೈತ್ರಿ, ಮೇ ತಿಂಗಳ ಮಧ್ಯಾಹ್ನ ಮುಂಗಾರಿ ಮೊದಲಿನ ವಳವದ ಮಳಿ ಎದ್ರ ಡ್ಯಾಮಿನ ನೀರು ಹೊಯ್ದಾಡತೈತ್ರಿ ಅಂದೆ. ಆವಾಗ ಅಂವ ನನ್ನ ಭುಜದ ಮ್ಯಾಲೆ ಕೈ ಇಟ್ಟು, ಭಾಳ ಮೆತ್ತಗ ಒಂದು ಮಾತಂದ. "ಮಾವಶಿ ಮೊದಲ ಹೇಳಿದ್ರು ಮಾಮಾ. ನಮ್ಮವರು ಕೆಲಸ ಚೊಲೋ ಮಾಡತಾರ, ಆದ್ರ ಹಿಂದಿಂದ ಬಂದು ಏನೇನೋ ಚಿಂತಿ ಹೇಳತಾರ, ಕಿವ್ಯಾಗ ಹಾಕ್ಕೋಬ್ಯಾಡ್ರಿ, ನಕ್ಕು ಬಿಡ್ರಿ ಅಂತ."

ನೀ ಹಂಗ ಹೇಳಿದ್ದಕ್ಕ ಸಿಟ್ಟಿಲ್ಲ. ಬಸ್ಸಿನ ಗಾಲಿ ಒದ್ದಾಂವನ ಹೆಂಡ್ತಿ ಮತ್ತೇನ ಹೇಳಬೇಕು? ಆದ್ರ ನನ್ನ ಬಾಯಿಗೆ ನೀ ಮೊದಲ ಬೂಚು ಹಾಕಿದ್ದಿ. ಅದನ್ನ ನೀನ ತಗೀಬೇಕು, ನನಗ ತಗಿಯಾಕ ಬರೂದಿಲ್ಲ.

ಮುಂದ ಅಂವ ಹೇಳಿದ್ದು ಕೇಳಿ ನಾ ಚಾದ ಕಪ್ಪು ಕೆಳಗಿಟ್ಟೆ. ಬರೂ ರವಿವಾರ ಚಂದಗಡ ಕಡೆ ಡ್ಯಾಮಿನ ನೀರಿಗೆ ಬೋಟ್ ಇಳಸತಾನಂತ, ದಂಡಿ ಮ್ಯಾಲೆ ಅವನ ತಂಗಿ ಹೊಲಾ ಐತಂತ. ಆರು ಮಂದಿ ಬೋಟಿಗೆ ಎಂಟು ಮಂದಿ. "ನಿಮ್ಮಿಂದ ಜಾಗಾ ಆತು ಮಾಮಾ. ಸಾಮಾನೆಲ್ಲಾ ಸೀಟಿನ ಕೆಳಗ ಹೋತು, ಕಾಲ ಚಾಚಿ ಎಂಟು ಮಂದಿ ಕೂಡತೇವಿ. ಶೆವಂತಾ ಮಾವಶಿ, ಮೋನಾಲಿ ಇಬ್ಬರೂ ಹೂಂ ಅಂದಾರ. ನೀವೂ ದಂಡಿ ತನಕ ಬರ್ರಲ್ಲ" ಅಂದ.

ಜಾಕೀಟು ಎಲ್ಲಿ ಅಂತ ಕೇಳಿದೆ. ಅಭಿಮಾನಲೆ ತೋರಿಸಿದ. ನಾ ಮಾಡಿದ ಪೆಟಗ್ಯಾಗ, ಇಸ್ತ್ರಿ ಮಾಡಿ ಮಡಚಿದಂಗ ಇಟ್ಟಿದ್ದ. ಅದರ ಮ್ಯಾಲೆ ಮುಚ್ಚಳ, ಮುಚ್ಚಳದ ಮ್ಯಾಲೆ ನೀವು ಕೂಡಾವ್ರು. ನೀರು ಒಳಗ ನುಗ್ಗಿದಾಗ ಯಾರು ಎದ್ದು, ಯಾರನ್ನ ಎಬ್ಬಿಸಿ, ಮುಚ್ಚಳ ತಗದು ಜಾಕೀಟ್ ಹಾಕ್ಕೋತಾರ? ಮೊದಲ ಕಾಲಾಗ ಬೀಳತಿದ್ದವು, ಕೈಗೂ ಸಿಗತಿದ್ದವು. ಅದನ್ನೂ ನಾನ ಕೆಡಿಸಿದೆ. ನಿನಗ ಈಸ ಬರೂದಿಲ್ಲ, ಮೋನಾಲಿಗೂ ಬರೂದಿಲ್ಲ. ಆಕಿಗೆ ಆರು ವರ್ಷ ಇದ್ದಾಗ ಗುಂಡು ಕಲಸತೇನಂದ್ರ ಬಾವಿ ಆಳ ಐತಿ ಅಂತ ಬ್ಯಾಡ ಅಂದಾಂವನೂ ನಾನ.

ಇಲ್ಲಿ ತನಕ ಬರದು ಒಂದು ಸಲ ಎದ್ದು ಹೋಗಿ ಬಂದೆ. ಒಂದು ಮಾತು ಮುಚ್ಚಿಟ್ಟೇನಿ, ಅದನ್ನ ಬರಿಯಾಕ ಕೈ ಒಲ್ಲೆ ಅನ್ನಾಕತ್ತೈತಿ.

ಫೋಮ್ ಸಪ್ಪಳಕ್ಕ ತುಂಬ್ಯಾರ ಅಂತ ತಿಳದೆ ಅಂತ ಮ್ಯಾಲೆ ಬರದೇನಿ. ಅದು ಮೊದಲನೇ ದಿವಸದ ಮಾತು. ಎರಡನೇ ದಿವಸ ಮುಂದಿನ ಸೀಟಿನ ಬಗಲಾಗ ಒಂದು ಹಳದಿ ಚೀಟಿ ಸಿಕ್ಕಿತು, ಫೈಬರಿಗೆ ಅಂಟಿಸಿದ್ದು. ಇಂಗ್ಲಿಷ್ ಅಕ್ಷರ ನನಗ ಬರೂದಿಲ್ಲ, ಚಿತ್ರ ಬರತಾವಲ್ಲ. ಒಂದು ಬೋಟು, ನೀರು ಅಂಚಿನ ಮಟ ಬಂದೈತಿ, ಮಂದಿ ಅಂಚು ಹಿಡಕೊಂಡಾರ. ಅದರ ಕೆಳಗ ಕರೇ ಬಣ್ಣದ ಕೈ, ಬ್ಯಾಡ ಅನ್ನೂವಂಗ. ಹರ್ಷದ ಶೇಟನ ನಂಬರ್ ಒತ್ತಿದೆ. ಒಂದು ಗಂಟಿ ಹೋತು. ಕಟ್ ಮಾಡಿದೆ.

ಯಾಕ ಕಟ್ ಮಾಡಿದೆ ಅಂದ್ರ ನಿನ್ನ ಮಾತು ನೆನಪಾತು. ಕಾಟಾ ಕೊಡಬ್ಯಾಡ್ರಿ. ಈ ಒಂದು ಕೆಲಸ ಬಾಯಿ ಮುಚ್ಚಿ ಮುಗಿಸಿದ್ರ ಶೇಟ ಹೋಗಿ ನಿನ್ನ ಮುಂದ ಹೇಳತಾನ, ಮಾಮಾ ಒಂದು ಮಾತೂ ಕೇಳಲಿಲ್ಲ, ಭಾಳ ಶಾಣ್ಯಾ ಆಗ್ಯಾರ ಅಂತ. ನೀ ಕೇಳತಿ. ಜೂನಿಗೆ ಸಾಲಿ ಸುರು ಆಗೂ ಮೊದಲ ಮನಿಗೆ ಬಂದರ ಬರತಿ. ಹಿಂಗ ಲೆಕ್ಕಾ ಹಾಕಿ ಆ ಚೀಟಿ ಮ್ಯಾಲೆ ರೆಕ್ಸಿನ್ ಎಳದು ಅಂಟಿಸಿ, ಅಂಚು ನೀಟ ಮಾಡಿದೆ. ಹುಟ್ಟಿದಾಗಿಂದ ಬ್ಯಾಡಾದದ್ದಕ್ಕೆಲ್ಲಾ ಚಿಂತಿ ಮಾಡಿದಾಂವ, ಒಮ್ಮಿ ಚಿಂತಿ ಮಾಡಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದು ಅದೊಂದ ದಿವಸ.

ನಿನ್ನೆ ಶೇಟಗ ಚೀಟಿ ವಿಷಯ ಹೇಳಲಿಲ್ಲ. ನಾಚಿಕಿ ಬಂತು. ಅದನ್ನ ನೀ ಹೇಳು. ಮುಂದಿನ ಸೀಟಿನ ಎಡಗಡೆ ರೆಕ್ಸಿನ್ ಅಂಚು ಉಗುರಲೆ ಎತ್ತಿದ್ರ ಬರತೈತಿ, ನಾನ ಅಂಟಿಸಿದ್ದು, ನನಗ ಗೊತ್ತೈತಿ. ಅಂವ ಇಂಗ್ಲಿಷ್ ಓದಿದಾಂವ, ಓದಿದ್ರ ನಂಬತಾನ. ನನ್ನ ಮಾತು ನಂಬೂದು ಬ್ಯಾಡ, ಚೀಟಿ ನಂಬಲಿ. ನೀ ಹೇಳಿದ್ರ ಅಂವ ಅಂಚು ಎತ್ತಿ ನೋಡತಾನ, ನಾ ಹೇಳಿದ್ರ ಮತ್ತ ಭುಜದ ಮ್ಯಾಲೆ ಕೈ ಇಡತಾನ.

ನೀನು ಮೋನಾಲಿ ರವಿವಾರ ಹೋಗಬ್ಯಾಡ್ರಿ. ನೀವಿಬ್ಬರ ಅಷ್ಟ ಅಲ್ಲ, ಯಾರೂ ಹತ್ತಬಾರದು. ಪೆಟಗಿಗೆ ಫೋಮ್ ತಿರಗಿ ತುಂಬಿ, ಮುಚ್ಚಳಕ್ಕ ಸ್ಕ್ರೂ ಹೊಡದು ಬಂದ್ ಮಾಡಿ ಕೊಡತೇನಿ. ಅದೂ ಸಾಲೂದಿಲ್ಲ, ಬೋಟಿನ ಕೆಲಸ ಬಲ್ಲಾವ್ರಿಗೆ ತೋರಿಸಿ, ಅವರು ಸೈ ಅಂದ ಮ್ಯಾಲೆ ನೀರಿಗೆ ಇಳಸಬೇಕು. ಚಪ್ಲಿ ಇಡಾಕ ಜಾಗಾ ಇರೂದಿಲ್ಲ. ತೊಡಿ ಮ್ಯಾಲೆ ಬರ್ಫದ ಡಬ್ಬಿ ಇಟಗೊಂಡು ಕುಂದರಲಿ. ನನ್ನ ಜಲಮದ ಚಂದ ಕೆಲಸ ನನ್ನ ಕೈಲೆ ಮುಚ್ಚಬೇಕು ಅಂದ್ರ ಸಂಕಟ ಆಗತೈತಿ, ಆದ್ರ ಅದು ಬ್ಯಾರೆ ಸಂಕಟ, ತಡಕೋತೇನಿ.

ಮೋನಾಲಿಗೆ ಚೀಟಿ ಮಾತು ಹೇಳಬ್ಯಾಡ. ಇಲ್ಲಾ, ಹೇಳು. ಉತ್ತೂರದ್ದು ತಪ್ಪಾಗಿತ್ತು, ಇದು ತಪ್ಪಲ್ಲ ಅಂತನೂ ಹೇಳು.

ಬೈಯೂದನ್ನೆಲ್ಲಾ ಉಳಿಸಿಟಗೋ, ಒಂದೂ ಬಿಡದ ಕೇಳತೇನಿ.

ನಿನ್ನ
ಕೇದಾರಿ

ತಾ. ಕ. (ಶುಕ್ರವಾರ, ಇಚಲಕರಂಜಿ): ಪೆಟ್ರೋಲ ವಾಸನಿ ವಿಷಯ. ಬುಧವಾರ ಹರ್ಷದ ಶೇಟ ನನಗಂತ ಚಾ ಹೇಳಾಕ ಒಳಗ ಹೋದಾಗ ನಾ ಕಳವು ಮಾಡಿದೆ. ಮೊದಲ ಬೋಟಿನ ತಳದಾಗಿನ ನೀರು ಬಿಡೂ ರಬ್ಬರ್ ಬೂಚಿಗೆ ಕೈ ಹಾಕಿದ್ದೆ. ಆಮ್ಯಾಲೆ, ಬೂಚು ಇಲ್ಲದ್ದನ್ನ ನೋಡದ ನೀರಿಗೆ ಇಳಿಸಿಬಿಟ್ರ ಹೆಂಗ ಅಂತ ಹೆದರಿ ಅದನ್ನ ಅಲ್ಲೇ ಗಟ್ಟಿ ಒತ್ತಿ, ಮೂರು ಸಲ ಮುಟ್ಟಿ ನೋಡಿ, ಟಾಕಿಯಿಂದ ಎಂಜಿನ್ನಿಗೆ ಹೋಗೂ ಪೈಪು ಕಿತ್ತು ಚೀಲದಾಗ ಹಾಕ್ಕೊಂಡೆ. ಅದಿಲ್ಲದ ಎಂಜಿನ್ ಸುರು ಆಗೂದಿಲ್ಲ, ಯಾರಿಗೂ ಏನೂ ಆಗೂದಿಲ್ಲ. ಅಂಥಾ ಪೈಪು ಇಲ್ಲಿ ಸಿಗೂದಿಲ್ಲ, ಗೋವಾದಿಂದ ತರಸಬೇಕು ಅಂತ ಶೇಟ ಮೊದಲೊಮ್ಮಿ ಹೇಳಿದ್ದ. ಪತ್ರದ ಕೂಡ ಅರಬ್ಯಾಗ ಸುತ್ತಿದ್ದು ಅದ. ಒಲಿ ಹಂತೇಕ ಇಡಬ್ಯಾಡ. ಯಾವಾಗ ತಿರಗಿ ಕೊಡಬೇಕು ಅಂತ ನೀ ಠರಾಸು, ನಾ ಒಂದು ಮಾತೂ ಕೇಳೂದಿಲ್ಲ.

ಟಪಾಲಿಗೆ ಹಾಕಿದ್ರ ರವಿವಾರದೊಳಗ ಮುಟ್ಟತೈತೋ ಇಲ್ಲೋ ಅಂತ ನಾನ ತಂದೇನಿ. ನಿಮ್ಮ ಕಾರಖಾನೆ ಗೇಟಿನ ವಾಚಮನ್ ಜೋತಿಬಾನ ಕೈಯಾಗ ಕೊಟ್ಟು, ಎದುರಿಗಿನ ಚಾದ ಅಂಗಡಿ ಬೆಂಚಿನ ಮ್ಯಾಲೆ ಕುಂತೇನಿ. ಒಳಗ ಬರೂದಿಲ್ಲ, ನೀ ಕರೀದ ಎದ್ದೇಳೂದಿಲ್ಲ. ಕಿಟಕ್ಯಾಗಿಂದ ನೋಡಿದ್ರ ಕಾಣತೈತಿ, ಬಾಜೂಕ ಹಳದಿ ಫೋಮಿನ ಚೀಲ ಒಟ್ಟೇನಿ. ಮಂದಿ ಏನ ಮಾರತೀರಿ ಅಂತ ಕೇಳಾಕತ್ತಾರ. ಆರು ಚೀಲಕ್ಕ ಎರಡ ತುಂಡು ಕಡಿಮಿ ಅದಾವು. ಅವು ಸೋನಲನ ಬೆನ್ನ ಮ್ಯಾಲೆ ಅದಾವು, ತಿರಗಿ ಕೇಳಾಕ ಮನಸ್ಸಾಗಲಿಲ್ಲ. ಅಷ್ಟು ಕಡಿಮಿ ಬಿದ್ರ ಬೋಟಿಗೆ ನಡೀತೈತೋ ಇಲ್ಲೋ, ನಿನ್ನೆಯಿಂದ ಅದೊಂದು ಚಿಂತಿ.